ಹಳೇ ಪ್ಯಾಲೆಟ್ ಮರದಿಂದ ಹನ್ನೆರಡು ಬಾಟ್ಲಿನ ವೈನ್ ರ‍್ಯಾಕ್: ಮನೇಲೇ ಮಾಡ್ಕೊಳ್ಳೋ ಸಮಗ್ರ ಮಾರ್ಗದರ್ಶಿ

ಮರ ತರೋಕೆ ಓಡೋ ಮುಂಚೆ ಮನೇಲಿರೋ ಬಾಟ್ಲುಗಳನ್ನ ತಗೊಂಡು ಅಳತೆ ಮಾಡಿ. ಇದನ್ನ ಯಾಕೆ ಮೊದಲೇ ಹೇಳ್ತಿದೀನಿ ಅಂದ್ರೆ, ರಸ್ಟಿಕ್, ಅಂದ್ರೆ ಹಳ್ಳಿಗಾಡಿನ ಒರಟು ಶೈಲಿ, ಅಂದ ತಕ್ಷಣ ತುಂಬಾ ಜನ ಹೆಂಗೋ ನಾಲ್ಕು ಹಲಗೆ ಜೋಡಿಸಿ ಮೊಳೆ ಹೊಡೆದ್ರೆ ಆಯ್ತು ಅನ್ಕೊಂಡುಬಿಡ್ತಾರೆ. ಆಮೇಲೆ ಬಾಟ್ಲು ತೂತಲ್ಲಿ ಕೂರಲ್ಲ, ಕೂತ್ರೂ ಮುಂದಕ್ಕೆ ಜಾರತ್ತೆ, ಸ್ಟ್ಯಾಂಡು ಒಂದ್ ಕಾಲ್ ಎತ್ಕೊಂಡು ಅಲ್ಲಾಡ್ತಾ ಇರತ್ತೆ. ಮರದ ಮೈ ಎಷ್ಟು ಬೇಕಾದ್ರೂ ಒರಟಾಗಿರ್ಲಿ, ಗಂಟಿರ್ಲಿ, ಹಳೇ ಮೊಳೆ ಕಲೆ ಇರ್ಲಿ, ಅದೇ ಅದರ ಚಂದ. ಆದ್ರೆ ತೂತು ಮತ್ತೆ ಜಾಯಿಂಟು ಮಾತ್ರ ನೂಲಿನಷ್ಟೂ ಆಚೀಚೆ ಆಗ್ಬಾರ್ದು. ಈ ಒಂದು ವಿಷ್ಯ ಹಿಡ್ಕೊಂಡ್ರೆ ಬಡಗಿ ಕೆಲ್ಸ ಗೊತ್ತಿಲ್ದೆ ಇರೋರೂ ಎರಡು ವೀಕೆಂಡಲ್ಲಿ ಒಳ್ಳೇ ರ‍್ಯಾಕ್ ಮಾಡ್ಬಹುದು.

ಬಾಟ್ಲಿನ ಲೆಕ್ಕ

ಸಾಮಾನ್ಯ ವೈನ್ ಬಾಟ್ಲು 750 ಮಿಲಿ. ಆದ್ರೆ ಎಲ್ಲಾ 750 ಮಿಲಿ ಬಾಟ್ಲೂ ಒಂದೇ ದಪ್ಪ ಇರಲ್ಲ. ಭುಜ ನೆಟ್ಟಗಿರೋ ಬಾಟ್ಲು, ಅಂದ್ರೆ ಬೋರ್ಡೋ ಶೈಲಿದು, ಹೆಚ್ಚು ಕಮ್ಮಿ 75-76 ಮಿ.ಮೀ. ಅಡ್ಡಗಲ ಬರತ್ತೆ. ಭುಜ ಇಳಿಜಾರಾಗಿರೋ ಬರ್ಗಂಡಿ ಶೈಲಿ ಬಾಟ್ಲು 82ರಿಂದ 88ರ ತನಕ ಹೋಗತ್ತೆ. ಸ್ಪಾರ್ಕ್ಲಿಂಗ್ ವೈನ್ ಬಾಟ್ಲು 88-90, ಒಳಗಡೆ ಪ್ರೆಶರ್ ಇರೋದ್ರಿಂದ ಗಾಜೂ ದಪ್ಪ. ಉದ್ದ ಸುಮಾರು 30 ಸೆಂ.ಮೀ., ಅಂದ್ರೆ ಒಂದು ಅಡಿ, ಕೆಲವು ಒಂಚೂರು ಜಾಸ್ತಿನೂ ಇರತ್ತೆ. ತುಂಬಿದ ಬಾಟ್ಲು ಸುಮಾರು ಒಂದೂಕಾಲು ಕೆಜಿ ತೂಗತ್ತೆ, ಸ್ಪಾರ್ಕ್ಲಿಂಗ್ ಆದ್ರೆ ಒಂದೂವರೆ ಮೇಲೆ. ಹನ್ನೆರಡು ಬಾಟ್ಲಂದ್ರೆ ಹದಿನೈದು ಕೆಜಿ ಮೇಲೆ ಭಾರ, ಅದಕ್ಕೇ ಸುಮ್ನೆ ಫೆವಿಕಾಲ್ ನಂಬ್ಕೊಂಡು ಕೂರೋ ಹಾಗಿಲ್ಲ.

ಬಾಟ್ಲನ್ನ ಮಲಗಿಸಿ ಇಡೋದು ಯಾಕೆ ಅನ್ನೋದೂ ಗೊತ್ತಿರ್ಲಿ, ಯಾಕಂದ್ರೆ ಇಡೀ ಡಿಸೈನ್ ನಿಂತಿರೋದೇ ಅದರ ಮೇಲೆ. ಕಾರ್ಕ್ ಬಿರಡೆ ಇರೋ ಬಾಟ್ಲನ್ನ ನಿಲ್ಲಿಸಿ ಇಟ್ರೆ ಕಾರ್ಕ್ ಒಣಗಿ ಕುಗ್ಗತ್ತೆ, ಸಂದಿಯಿಂದ ಗಾಳಿ ಒಳಗೆ ಹೋಗತ್ತೆ, ವೈನ್ ಹುಳಿಯಾಗಿ ಕೆಡತ್ತೆ. ಮಲಗಿಸಿದ್ರೆ ವೈನ್ ಕಾರ್ಕನ್ನ ಒದ್ದೆಯಾಗೇ ಇಟ್ಟಿರತ್ತೆ. ತಿರುಪು ಮುಚ್ಚಳದ ಬಾಟ್ಲಿಗೆ ಈ ಗೋಳಿಲ್ಲ, ಅದನ್ನ ಹೆಂಗಿಟ್ರೂ ನಡೆಯತ್ತೆ. ನಮ್ಮ ಕಡೆ ಅಂಗಡೀಲಿ ಸಿಗೋ ವೈನಲ್ಲಿ ಈಗ ತಿರುಪು ಮುಚ್ಚಳದ್ದೇ ಜಾಸ್ತಿ, ನಿಮ್ಮ ಮನೇಲೂ ಬರೀ ಅದೇ ಇದ್ರೆ ರ‍್ಯಾಕ್ ಜಾಗ ಉಳಿಸೋಕೆ ಮತ್ತೆ ನೋಡೋಕೆ ಚಂದ ಅಂತ ಮಾಡ್ಕೊಳ್ಳಿ, ಅದರಲ್ಲೇನೂ ತಪ್ಪಿಲ್ಲ.

ಮರ ಎಲ್ಲಿಂದ, ಎಂಥದ್ದು

ಬೆಂಗ್ಳೂರಲ್ಲಿ ಈ ಕೆಲ್ಸಕ್ಕೆ ಸಲೀಸಾಗಿ ಸಿಗೋದು ಪ್ಯಾಕಿಂಗ್ ಪ್ಯಾಲೆಟ್ಟಿನ ಪೈನ್ ಮರ. ಪೀಣ್ಯ, ಬೊಮ್ಮಸಂದ್ರ, ಜಿಗಣಿ, ವೈಟ್‌ಫೀಲ್ಡ್ ಕಡೆ ಫ್ಯಾಕ್ಟರಿಗಳಿಗೆ ಮಷೀನು ಬರೋದೇ ಈ ಪ್ಯಾಲೆಟ್ ಮೇಲೆ, ಆಮೇಲೆ ಅವು ಸ್ಕ್ರ್ಯಾಪ್ ಅಂಗಡಿಗೆ ಹೋಗತ್ತೆ. ರಸ್ತೆ ಪಕ್ಕ ಪ್ಯಾಲೆಟ್ ಗುಡ್ಡೆ ಹಾಕಿರೋ ಯಾರ್ಡ್ ಕಂಡ್ರೆ ನಿಲ್ಲಿಸಿ ಕೇಳಿ, ಬಿಚ್ಚಿದ ಹಲಗೇನೂ ಕೊಡ್ತಾರೆ. ಹೊಸ ಮರನೇ ಬೇಕು ಅನ್ನೋರು ಮೈಸೂರು ರಸ್ತೆ ಟಿಂಬರ್ ಯಾರ್ಡ್ ಕಡೆ ಅಥವಾ ಸಿದ್ದಯ್ಯ ರಸ್ತೆ ಕಡೆ ಹೋಗಿ. ಹಳೇ ಮನೆ ಒಡೆದಾಗ ಬರೋ ಬಾಗಿಲು ಕಿಟಕಿ ತೇಗ, ಹೊನ್ನೆ, ಮತ್ತಿ ಸಿಕ್ಕಿದ್ರಂತೂ ಬಿಡ್ಬೇಡಿ, ಆ ಗಟ್ಟಿ ಮರ ಈಗ ಹೊಸದಾಗಿ ಕೊಳ್ಳೋಕೆ ಹೋದ್ರೆ ಕೈ ಸುಡತ್ತೆ. ಕಾಫಿ ತೋಟದ ನೆರಳಿಗೆ ಬೆಳೆಸೋ ಸಿಲ್ವರ್ ಓಕ್ ಕೂಡ ಈ ಕೆಲ್ಸಕ್ಕೆ ಬರತ್ತೆ, ರೇಖೆ ಚೆನ್ನಾಗಿರತ್ತೆ, ಹುಳದ ಕಾಟ ಮಾತ್ರ ನೋಡ್ಕೋಬೇಕು.

ಪ್ಯಾಲೆಟ್ ಆರಿಸೋವಾಗ ಅದರ ಬದಿಯಲ್ಲಿ ಸುಟ್ಟು ಒತ್ತಿರೋ ಮುದ್ರೆ ಹುಡುಕಿ. ದೇಶ ದಾಟಿ ಬರೋ ಪ್ಯಾಕಿಂಗ್ ಮರಕ್ಕೆ ಐಎಸ್‌ಪಿಎಂ 15 ಅಂತ ಒಂದು ನಿಯಮ ಇದೆ, ಗೋಧಿ ತೆನೆ ಚಿತ್ರದ ಪಕ್ಕ ದೇಶದ ಕೋಡು, ಅದರ ಜೊತೆ ಎಚ್‌ಟಿ ಅಂತಲೋ ಎಂಬಿ ಅಂತಲೋ ಅಕ್ಷರ ಇರತ್ತೆ. ಎಚ್‌ಟಿ ಅಂದ್ರೆ ಮರಾನ ಬಿಸಿ ಮಾಡಿ ಹುಳ ಸಾಯಿಸಿರೋದು, ಅದು ಮನೆಗೆ ತರ್ಬಹುದು. ಎಂಬಿ ಅಂದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಗ್ಯಾಸ್ ಹೊಡೆದಿರೋದು, ಅದನ್ನ ಮುಟ್ಟೋಕೇ ಹೋಗ್ಬೇಡಿ. ಇಲ್ಲೇ ಲೋಕಲ್ ಆಗಿ ಮಾಡಿದ ಪ್ಯಾಲೆಟ್ಟಿಗೆ ಮುದ್ರೆ ಇಲ್ದೇನೂ ಇರ್ಬಹುದು, ಆಗ ಎಣ್ಣೆ ಕಲೆ, ಕೆಮಿಕಲ್ ವಾಸನೆ ಇದೆಯಾ ಅಂತ ಮೂಗಿಟ್ಟು ನೋಡಿ, ಇದ್ರೆ ಬೇಡ. ಸೂಜಿ ತೂತಿನ ಥರ ಸಣ್ಣ ಸಣ್ಣ ರಂಧ್ರ ಇದ್ದು, ಹಲಗೆ ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದ್ರೆ ಒಳಗೆ ಕೊರಕ ಹುಳ ಇನ್ನೂ ಜೀವಂತ ಇದೆ ಅಂತರ್ಥ, ಅದನ್ನ ತಂದ್ರೆ ಮನೆ ಬಾಗಿಲು, ಕಾಟ್ ಎಲ್ಲಕ್ಕೂ ಹಬ್ಬೋ ಚಾನ್ಸ್ ಇರತ್ತೆ.

ಪ್ಯಾಲೆಟ್ ನೀವೇ ಬಿಚ್ಚೋದಾದ್ರೆ ಹಲಗೇನ ರಾಡು ಹಾಕಿ ಮೀಟಬೇಡಿ. ಅದರ ಮೊಳೆ ತಿರುಚಿದ ಮೊಳೆ, ಎಳೆದ್ರೆ ಬರಲ್ಲ, ಹಲಗೆ ತುದಿ ಸೀಳತ್ತೆ ಅಷ್ಟೆ. ಹಲಗೆಗೂ ಕೆಳಗಿನ ದಿಮ್ಮಿಗೂ ಮಧ್ಯೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆನೇ ಕುಯ್ದುಬಿಡಿ. ಮೊಳೆ ತಲೆ ಹಲಗೆಯಲ್ಲೇ ಉಳ್ಕೊಳ್ಳತ್ತೆ, ಆ ಕಪ್ಪು ಚುಕ್ಕಿ ನೋಡೋಕೂ ಚೆನ್ನಾಗೇ ಇರತ್ತೆ. ಆದ್ರೆ ಎಲ್ಲೆಲ್ಲಿ ಮೊಳೆ ಇದೆ ಅಂತ ಒಂದು ಮ್ಯಾಗ್ನೆಟ್ ಆಡಿಸಿ ಸೀಮೆಸುಣ್ಣದಲ್ಲಿ ಗುರ್ತು ಹಾಕ್ಕೊಳ್ಳಿ, ಆಮೇಲೆ ತೂತು ಕೊರೆಯೋವಾಗ ಹಲ್ಲು ಮೊಳೆಗೆ ತಾಗಿದ್ರೆ ಆ ಬಿಟ್ ಅಲ್ಲಿಗೆ ಮುಗೀತು.

ತಂದ ಮರ ಎರಡು ವಾರನಾದ್ರೂ ಮನೆ ಒಳಗೇ ಇರ್ಲಿ, ಹಲಗೆ ಹಲಗೆ ಮಧ್ಯೆ ಸಣ್ಣ ಚಕ್ಕೆ ಕೊಟ್ಟು ಗಾಳಿ ಆಡೋ ಥರ ಪೇರಿಸಿ. ಮಳೆಗಾಲದಲ್ಲಿ ಯಾರ್ಡಲ್ಲಿ ಬಯಲಿಗೆ ಬಿದ್ದಿದ್ದ ಮರ ಆದ್ರೆ ಇನ್ನೂ ಜಾಸ್ತಿ ದಿನ ಬೇಕು. ಹಸಿ ಮರದಲ್ಲಿ ಮಾಡಿದ ಜಾಯಿಂಟ್ ಬೇಸಿಗೆಗೆ ಬಾಯಿ ಬಿಡತ್ತೆ, ಇದು ಯಾವ ಫೆವಿಕಾಲ್ ಹಾಕಿದ್ರೂ ತಪ್ಪಲ್ಲ.

ಸಾಮಾನು

ಡ್ರಿಲ್ ಮಷೀನು ಒಂದು ಬೇಕೇ ಬೇಕು. ಅದಕ್ಕೆ 3 ಮತ್ತು 4 ಮಿ.ಮೀ. ಬಿಟ್, ಸ್ಕ್ರೂ ತಲೆ ಕೂರಿಸೋಕೆ ಕೌಂಟರ್‌ಸಿಂಕ್ ಬಿಟ್, ಮತ್ತೆ ದೊಡ್ಡ ತೂತು ಕೊರೆಯೋಕೆ ಡ್ರಿಲ್ಲಿಗೆ ಹಾಕೋ ದುಂಡು ಗರಗಸ, ಅಂದ್ರೆ ಹೋಲ್ ಸಾ, ಮೂರು: 38 ಮಿ.ಮೀ., 83 ಮಿ.ಮೀ., 95 ಮಿ.ಮೀ. ಅಗ್ಗದ ಸೆಟ್‌ಗಳಲ್ಲಿ ದೊಡ್ಡ ಸೈಜ್ ಇರಲ್ಲ, ಬಿಡಿಯಾಗಿ ತಗೋಬೇಕು, ಎಸ್‌ಪಿ ರೋಡ್ ಕಡೆ ಟೂಲ್ಸ್ ಅಂಗಡೀಲಿ ಕೇಳಿದ್ರೆ ಸಿಗತ್ತೆ. ದೊಡ್ಡ ಹೋಲ್ ಸಾ ತಗೊಳ್ಳೋ ಮನಸ್ಸಿಲ್ಲ ಅಂದ್ರೆ ಜಿಗ್‌ಸಾ ಮಷೀನಲ್ಲಿ ಬಾಟ್ಲಿನ ಹೊಟ್ಟೆ ಕೂರೋ ಅರ್ಧಚಂದ್ರ ಕುಯ್ಬಹುದು, ಆದ್ರೆ ಹನ್ನೆರಡೂ ಒಂದೇ ಸಮ ಬರೋಕೆ ಕೈ ಪಳಗಿರಬೇಕು. ಇನ್ನು ಕೈಗರಗಸ, ಮೂಲೆಮಟ್ಟ, ಟೇಪು, ಪೆನ್ಸಿಲ್ಲು, ನಾಲ್ಕು ಸಿ ಕ್ಲಾಂಪ್, ಫೆವಿಕಾಲ್, ಉಪ್ಪುಕಾಗದ 80, 120, 180 ನಂಬರ್, 8 ನಂಬರಿನ 1¾ ಇಂಚು ಉದ್ದದ ಸ್ಕ್ರೂ ಐವತ್ತು. ಧೂಳಿಗೆ ಮಾಸ್ಕು, ಕಣ್ಣಿಗೆ ಕನ್ನಡಕ. ಪ್ಯಾಲೆಟ್ ಮರದ ಧೂಳಲ್ಲಿ ಏನೇನು ಸೇರಿರತ್ತೋ ಹೇಳಕ್ಕಾಗಲ್ಲ, ಮಾಸ್ಕ್ ಇಲ್ದೆ ಉಜ್ಜಕ್ಕೆ ಕೂರ್ಬೇಡಿ.

ಅಪಾರ್ಟ್‌ಮೆಂಟಲ್ಲಿ ಇರೋರು ಡ್ರಿಲ್ ಕೆಲ್ಸ ಎಲ್ಲ ಒಂದೇ ಸಲ ಮುಗಿಸೋ ಥರ ಪ್ಲ್ಯಾನ್ ಮಾಡ್ಕೊಳ್ಳಿ, ಮಧ್ಯಾಹ್ನ ಮಕ್ಕಳು ವಯಸ್ಸಾದವರು ಮಲಗೋ ಹೊತ್ತು ಬಿಟ್ಟು. ತಾರಸಿ ಇದ್ರೆ ಅದಕ್ಕಿಂತ ಒಳ್ಳೇ ವರ್ಕ್‌ಶಾಪ್ ಇನ್ನೊಂದಿಲ್ಲ.

ಕಟಿಂಗ್ ಲೆಕ್ಕ

ಡಿಸೈನ್ ಸಿಂಪಲ್. ನಾಲ್ಕು ಕಾಲು, ಮೂರು ಅಂತಸ್ತು, ಒಂದೊಂದು ಅಂತಸ್ತಲ್ಲಿ ನಾಲ್ಕು ಬಾಟ್ಲು. ಪ್ರತಿ ಅಂತಸ್ತಿಗೂ ಮುಂದೆ ಒಂದು ಪಟ್ಟಿ, ಹಿಂದೆ ಒಂದು ಪಟ್ಟಿ. ಮುಂದಿನ ಪಟ್ಟಿಯ ದೊಡ್ಡ ಅರ್ಧಚಂದ್ರದಲ್ಲಿ ಬಾಟ್ಲಿನ ಹೊಟ್ಟೆ ಕೂರತ್ತೆ, ಹಿಂದಿನ ಪಟ್ಟಿಯ ಸಣ್ಣ ಅರ್ಧಚಂದ್ರದಲ್ಲಿ ಕತ್ತು ಕೂರತ್ತೆ. ಅಂದ್ರೆ ಬಾಟ್ಲಿನ ತಳ ನಮ್ಮ ಕಡೆ, ಬಾಯಿ ಗೋಡೆ ಕಡೆ. ಬಾಯಿ ಈಚೆ ಇದ್ರೆ ಚಂದ ಅಲ್ವಾ ಅಂತ ಕೇಳ್ಬಹುದು, ಆದ್ರೆ ಹಂಗೆ ಮಾಡಿದ್ರೆ ಬಾಟ್ಲಿನ ಹೊಟ್ಟೆನ ಕತ್ತಿನ ಪಟ್ಟಿ ದಾಟಿಸಿ ಒಳಗೆ ತಳ್ಳಬೇಕಾಗತ್ತೆ, ಮೇಲಿನ ಪಟ್ಟಿ ಅಡ್ಡ ಬರತ್ತೆ. ಅದಕ್ಕೆ ಅಂತಸ್ತಿನ ಎತ್ತರ ಜಾಸ್ತಿ ಮಾಡ್ಬೇಕು, ರ‍್ಯಾಕ್ ಉದ್ದ ಆಗಿ ಮಗುಚೋ ಥರ ಆಗತ್ತೆ. ಕತ್ತು ಗೋಡೆ ಕಡೆ ಇದ್ರೆ ಓಡಾಡೋರ ಕೈ ಕಾಲು ತಾಗಲ್ಲ, ಅದೂ ಒಂದು ಲಾಭ.

ಕಾಲು: ಒಂದೂವರೆ ಇಂಚು ಚೌಕದ್ದು, 19 ಇಂಚು ಉದ್ದ, ನಾಲ್ಕು. ಇದಕ್ಕೆ ಪ್ಯಾಲೆಟ್ ದಿಮ್ಮಿ ಸೀಳಿಸ್ಬಹುದು, ಇಲ್ಲಾಂದ್ರೆ ಟಿಂಬರ್ ಅಂಗಡೀಲಿ ಆ ಸೈಜಿನ ರೀಪರ್ ಕೇಳಿ, ಸಾ ಮಿಲ್ಲಲ್ಲೇ ತೋಪಡ ಹೊಡೆಸ್ಕೊಂಡು, ಅಂದ್ರೆ ಮೈ ಹೆರೆಸಿ ನಯ ಮಾಡಿಸ್ಕೊಂಡು, ಬನ್ನಿ. ಕಾಲು ನೆಟ್ಟಗಿಲ್ಲ ಅಂದ್ರೆ ಮುಂದಿನದೆಲ್ಲಾ ಸೊಟ್ಟ. ಒಂದು ಕಣ್ಣು ಮುಚ್ಕೊಂಡು ಉದ್ದಕ್ಕೂ ನೋಡಿದ್ರೆ ಬಾಗಿರೋದು ಗೊತ್ತಾಗಿಬಿಡತ್ತೆ.

ಬಾಟ್ಲು ಕೂರೋ ಪಟ್ಟಿ: ಮುಕ್ಕಾಲು ಇಂಚು ದಪ್ಪ, 2¾ ಇಂಚು ಅಗಲ, 21 ಇಂಚು ಉದ್ದ, ಆರು. ಸೈಡ್ ಪಟ್ಟಿ: ಮುಕ್ಕಾಲು ಇಂಚು ದಪ್ಪ, 2 ಇಂಚು ಅಗಲ, 6¼ ಇಂಚು ಉದ್ದ, ನಾಲ್ಕು. ಮೇಲಿನ ಹಲಗೆ: 4 ಇಂಚು ಅಗಲ, 24 ಇಂಚು ಉದ್ದ, ಎರಡು. ನಿಮ್ಮ ಪ್ಯಾಲೆಟ್ ಹಲಗೆ ಮುಕ್ಕಾಲು ಇಂಚಿಗಿಂತ ಒಂದು ನೂಲು, ಅಂದ್ರೆ ಇಂಚಲ್ಲಿ ಎಂಟನೇ ಒಂದು ಭಾಗ, ಕಮ್ಮಿ ಜಾಸ್ತಿ ಇದ್ರೆ ತಲೆ ಕೆಡಿಸ್ಕೋಬೇಡಿ, ಆದ್ರೆ ಆರು ಪಟ್ಟಿನೂ ಒಂದೇ ಅಗಲ ಒಂದೇ ಉದ್ದ ಇರ್ಲೇಬೇಕು. ಅದಕ್ಕೆ ಒಂದನ್ನ ಸರಿಯಾಗಿ ಕುಯ್ದು, ಉಳಿದಿದ್ದಕ್ಕೆಲ್ಲಾ ಅದನ್ನೇ ಇಟ್ಟು ಗುರ್ತು ಮಾಡಿ. ಒಂದೊಂದನ್ನೂ ಟೇಪಲ್ಲಿ ಅಳೆಯೋಕೆ ಹೋದ್ರೆ ಪ್ರತಿ ಸಲ ಕೂದಲೆಳೆ ವ್ಯತ್ಯಾಸ ಬಂದೇ ಬರತ್ತೆ, ಕೊನೆಗೆ ಎಲ್ಲಾ ಸೇರ್ಕೊಂಡು ಒಂದು ನೂಲಾಗಿ ಕೂತಿರತ್ತೆ.

ಅರ್ಧಚಂದ್ರ ಕೊರೆಯೋದು

ಇಡೀ ಕೆಲ್ಸದ ಜೀವ ಇಲ್ಲಿದೆ, ನಿಧಾನಕ್ಕೆ ಮಾಡಿ.

ಹಲಗೆ ಅಂಚಲ್ಲಿ ನೇರವಾಗಿ ಅರ್ಧ ವೃತ್ತ ಕೊರೆಯೋಕೆ ಹೋಲ್ ಸಾಗೆ ಆಗಲ್ಲ, ಮಧ್ಯದ ಬಿಟ್‌ಗೆ ಹಿಡ್ಕೊಳ್ಳೋಕೆ ಮರ ಇರಲ್ವಲ್ಲ. ಅದಕ್ಕೆ ಎರಡು ಪಟ್ಟೀನ ಅಂಚಿಗೆ ಅಂಚು ಸೇರಿಸಿ, ಸಂದಿ ಕಾಣದ ಹಾಗೆ ಬಿಗಿಯಾಗಿ ಕ್ಲಾಂಪ್ ಹಾಕಿ, ಆ ಸೇರಿದ ಗೆರೆ ಮೇಲೇ ಪೂರ್ತಿ ತೂತು ಕೊರೀರಿ. ಕ್ಲಾಂಪ್ ಬಿಚ್ಚಿದ್ರೆ ಎರಡು ಪಟ್ಟಿಗೂ ಒಂದೊಂದು ಅರ್ಧಚಂದ್ರ ಸಿಕ್ಕಿರತ್ತೆ, ಎರಡೂ ಒಂದೇ ಅಳತೆ. ಇದಕ್ಕಿಂತ ಸಲೀಸಾದ, ತಪ್ಪಿಲ್ಲದ ದಾರಿ ನಾನು ಕಂಡಿಲ್ಲ.

ತೂತಿನ ಮಧ್ಯಬಿಂದು ಪಟ್ಟಿಯ ಒಂದು ತುದಿಯಿಂದ 3¾, 8¼, 12¾, 17¼ ಇಂಚಿಗೆ ಬರತ್ತೆ. ಅಂದ್ರೆ ಬಾಟ್ಲಿಂದ ಬಾಟ್ಲಿಗೆ ನಾಲ್ಕೂವರೆ ಇಂಚು, ದಪ್ಪ ಸ್ಪಾರ್ಕ್ಲಿಂಗ್ ಬಾಟ್ಲು ಪಕ್ಕ ಪಕ್ಕ ಇಟ್ರೂ ಮಧ್ಯೆ ಒಂದು ಬೆರಳು ಗ್ಯಾಪ್ ಉಳಿಯತ್ತೆ. ಮೂಲೆಮಟ್ಟ ಇಟ್ಟು ಆರು ಪಟ್ಟಿಗೂ ಒಟ್ಟಿಗೇ ಗೆರೆ ಎಳೀರಿ. ಮೇಲಿನ ಎರಡು ಅಂತಸ್ತಿನ ಹೊಟ್ಟೆ ಪಟ್ಟಿಗೆ 83 ಮಿ.ಮೀ., ಅಂದ್ರೆ 3¼ ಇಂಚಿನ ಹೋಲ್ ಸಾ. ಎಲ್ಲಕ್ಕಿಂತ ಕೆಳಗಿನ ಅಂತಸ್ತಿಗೆ 95 ಮಿ.ಮೀ., ದಪ್ಪ ಬಾಟ್ಲು ಅಲ್ಲಿಗೆ ಹೋಗ್ಲಿ, ಭಾರ ಕೆಳಗಿದ್ದಷ್ಟೂ ರ‍್ಯಾಕ್ ಗಟ್ಟಿಯಾಗಿ ನಿಲ್ಲತ್ತೆ. ಕತ್ತಿನ ಮೂರು ಪಟ್ಟಿಗೂ 38 ಮಿ.ಮೀ. ನಡೆಯತ್ತೆ. ಜೋಡಿ ಸಿಗದೆ ಉಳಿಯೋ ಪಟ್ಟಿಗೆ, ಅಂದ್ರೆ 95ರ ಒಂದು ಮತ್ತೆ ಕತ್ತಿನ ಮೂರನೇದು, ಅದೇ ದಪ್ಪದ ವೇಸ್ಟ್ ಹಲಗೆ ಒಂದನ್ನ ಜೊತೆಗಿಟ್ಟು ಕ್ಲಾಂಪ್ ಮಾಡಿ.

ಕೊರೆಯೋವಾಗ ಮೊದಲು 3 ಮಿ.ಮೀ. ಬಿಟ್ಟಲ್ಲಿ ಗೆರೆ ಮೇಲೆ ಸಣ್ಣ ದಾರಿ ಮಾಡಿ, ಇಲ್ಲಾಂದ್ರೆ ದಪ್ಪ ಬಿಟ್ ಸಂದಿ ಬಿಟ್ಟು ಮೆತ್ತಗಿರೋ ಕಡೆಗೆ ಜಾರತ್ತೆ. ಕೆಳಗೆ ಒಂದು ಹಳೇ ಹಲಗೆ ಕೊಟ್ಟು, ಅದೂ ಸೇರಿಸಿ ಟೇಬಲಿಗೆ ಬಿಗೀರಿ. ದೊಡ್ಡ ಹೋಲ್ ಸಾಗೆ ಸ್ಪೀಡ್ ಕಮ್ಮಿ ಇರ್ಲಿ, ಡ್ರಿಲ್ಲಿನ ಸೈಡ್ ಹ್ಯಾಂಡಲ್ ಹಾಕ್ಕೊಂಡು ಎರಡೂ ಕೈಲಿ ಹಿಡೀರಿ, ಹಲ್ಲು ಎಲ್ಲಾದ್ರೂ ಗಂಟಿಗೆ ಕಚ್ಕೊಂಡ್ರೆ ಮಷೀನು ಮಣಿಕಟ್ಟು ತಿರುಚೋಷ್ಟು ಜೋರಾಗಿ ಒದೆಯತ್ತೆ. ಅರ್ಧ ಇಂಚು ಇಳಿದ ಮೇಲೆ ಹೊರಗೆ ತೆಗೆದು ಹಲ್ಲಲ್ಲಿ ಸಿಕ್ಕಿರೋ ಹೊಟ್ಟು ಕೊಡವಿ, ಸುಟ್ಟ ವಾಸನೆ ಬಂತಂದ್ರೆ ಒತ್ತಡ ಜಾಸ್ತಿ ಆಯ್ತು ಅಂತ. ಮಧ್ಯದ ಬಿಟ್ ಆಕಡೆ ತುದಿ ತೋರಿಸಿದ ತಕ್ಷಣ ನಿಲ್ಲಿಸಿ, ಕ್ಲಾಂಪ್ ಮಾಡಿದ ಜೋಡೀನ ಹಂಗೇ ಮಗುಚಿ ಹಾಕಿ, ಆ ತೂತಲ್ಲೇ ಬಿಟ್ ಕೂರಿಸಿ ಹಿಂದಿನಿಂದ ಕೊರೀರಿ. ಹಿಂಗೆ ಮಾಡಿದ್ರೆ ಎರಡೂ ಮುಖದಲ್ಲಿ ಅಂಚು ಕ್ಲೀನಾಗಿ ಬರತ್ತೆ, ಒಂದೇ ಕಡೆಯಿಂದ ಕೊರೆದ್ರೆ ಆಚೆ ಕಡೆ ಸಿಬಿರು ಎದ್ದು ಮುಖ ಕಿತ್ತೋಗತ್ತೆ.

ಬಿಚ್ಚಿದ ಮೇಲೆ ಮನೇಲಿರೋ ಬಾಟ್ಲು ತಂದು ಒಂದೊಂದು ಅರ್ಧಚಂದ್ರದಲ್ಲೂ ಇಟ್ಟು ನೋಡಿ. ಬಾಟ್ಲು ಪಟ್ಟಿ ಮೇಲಂಚಿಗೆ ಅರ್ಧದಷ್ಟು ಮುಳುಗಿ ಕೂತಿರಬೇಕು. ಎಲ್ಲಾದ್ರೂ ಅಲ್ಲಾಡಿದ್ರೆ, ತಾಗಿದ್ರೆ ಈಗಲೇ ಉಪ್ಪುಕಾಗದ ಪೈಪಿಗೆ ಸುತ್ಕೊಂಡು ಸರಿ ಮಾಡಿ, ಜೋಡಿಸಿದ ಮೇಲೆ ಕೈ ಹೋಗಲ್ಲ.

ಉಜ್ಜೋದು, ಎಷ್ಟು ಬೇಕೋ ಅಷ್ಟು

ಮರದ ಮುಖಕ್ಕೆ 80 ನಂಬರ್ ಒಂದ್ ಕೈ, 120 ಒಂದ್ ಕೈ, ಅಷ್ಟೇ. ಗರಗಸದ ಗೀರು, ಮೊಳೆ ಸುತ್ತ ಕಪ್ಪಾಗಿರೋ ಕಲೆ ಉಳೀಲಿ. ಅದನ್ನೆಲ್ಲಾ ಉಜ್ಜಿ ತೆಗೆದ್ರೆ ಅಂಗಡಿ ಸಾಮಾನಿಗೂ ಇದಕ್ಕೂ ಏನು ವ್ಯತ್ಯಾಸ. ಆದ್ರೆ ಅರ್ಧಚಂದ್ರದ ಒಳಮೈ, ಅಂಚುಗಳು, ಕೈ ತಾಗೋ ಕಡೆ ಎಲ್ಲಾ 180ರ ತನಕ ಉಜ್ಜಿ, ಅಂಚಿನ ಚೂಪು ಮುರೀರಿ. ಸಿಬಿರು ಬೆರಳಿಗೆ ಹೋಗ್ಬಾರ್ದು, ಲೇಬಲ್ಲೂ ಹರೀಬಾರ್ದು. ಯಾವಾಗ್ಲೂ ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ.

ಜೋಡಣೆ

ಮೊದಲು ಎರಡು ಸೈಡ್ ಮಾಡ್ಕೊಳ್ಳೋಣ. ಎರಡು ಕಾಲನ್ನ ನೆಲದ ಮೇಲೆ ಪಕ್ಕಪಕ್ಕ ಮಲಗಿಸಿ, ಹೊರ ಅಂಚಿಂದ ಹೊರ ಅಂಚಿಗೆ 6¼ ಇಂಚು ಇರೋ ಥರ. ಒಂದು ಸೈಡ್ ಪಟ್ಟಿ ಮೇಲ್ತುದಿಗೆ ಸಮ, ಇನ್ನೊಂದು ಕಾಲಿನ ಬುಡದಿಂದ 5¼ ಇಂಚು ಮೇಲೆ ಶುರುವಾಗಿ 7¼ಕ್ಕೆ ಮುಗಿಯೋ ಥರ. ಕೆಳಗಿನ ಪಟ್ಟೀನ ನೆಲಕ್ಕೆ ತಾಗಿಸದೇ ಇರೋದಕ್ಕೆ ಕಾರಣ ಇದೆ, ದಿನಾ ನೆಲ ಒರೆಸೋವಾಗ ಒದ್ದೆ ಆಗಿ ಆಗಿ ಅದು ಮೊದಲು ಕೊಳೆಯತ್ತೆ. ಇನ್ನೊಂದು ಕಾರಣ, ಮುಂದೆ ಹಿಂದೆ ಬರೋ ಪಟ್ಟಿಗಳ ಸ್ಕ್ರೂ ಮತ್ತೆ ಈ ಸೈಡ್ ಸ್ಕ್ರೂ ಕಾಲಿನ ಒಳಗೆ ಒಂದಕ್ಕೊಂದು ಡಿಕ್ಕಿ ಹೊಡೀಬಾರ್ದು, ಈ ಅಳತೇಲಿ ಎರಡೂ ಬೇರೆ ಬೇರೆ ಎತ್ತರದಲ್ಲಿ ಬರತ್ತೆ.

ಪ್ರತಿ ಜಾಯಿಂಟಿಗೂ ಫೆವಿಕಾಲ್ ತೆಳ್ಳಗೆ ಹಚ್ಚಿ ಎರಡೆರಡು ಸ್ಕ್ರೂ. ಪಟ್ಟೀಲಿ 4 ಮಿ.ಮೀ. ತೂತು, ಕಾಲಲ್ಲಿ 3 ಮಿ.ಮೀ. ತೂತು ಮೊದಲೇ ಮಾಡ್ಕೊಂಡು ಆಮೇಲೆ ಸ್ಕ್ರೂ ಬಿಗೀರಿ. ಪೈನ್ ಮರ ತುದಿ ಹತ್ತಿರ ಬೇಗ ಸೀಳತ್ತೆ, ತೂತು ಮಾಡದೆ ಸ್ಕ್ರೂ ಹೊಡೆದ್ರೆ ಟಕ್ ಅಂತ ಬಿರುಕು ಬಿಡೋದು ಕೇಳಿಸತ್ತೆ. ಎರಡು ಸ್ಕ್ರೂನ ಒಂದೇ ಎಳೆ ಮೇಲೆ ಹಾಕ್ಬೇಡಿ, ಸ್ವಲ್ಪ ಓರೆಯಾಗಿ ಬಿಡಿ.

ಈಗ ಎರಡು ಸೈಡನ್ನ ನಿಲ್ಲಿಸಿ ಮುಂದಿನ ಮೂರು ಪಟ್ಟಿ ಕಾಲಿನ ಮುಂಭಾಗಕ್ಕೆ ಕೂರಿಸಿ. ಸೈಡ್ ಪಟ್ಟಿಗಳು ಹೊರಮೈಗೆ ಇರ್ಲಿ, ಒಳಗಡೆ ಬಂದ್ರೆ ಬಾಟ್ಲಿಗೆ ತಾಗತ್ತೆ. ಬಾಟ್ಲು ಪಟ್ಟಿಯ ಮೇಲಂಚು ನೆಲದಿಂದ 5, 10½, 16 ಇಂಚಿಗೆ ಬರಬೇಕು, 95ರ ತೂತಿನ ಪಟ್ಟಿ ಕೆಳಗೆ. ಪಟ್ಟಿಯ ತುದಿ ಕಾಲಿನ ಹೊರ ಅಂಚಿಗೆ ಸಮ ಆಗಬೇಕು. ಹಿಂದಿನ ಪಟ್ಟಿನೂ ಅದೇ ಎತ್ತರಕ್ಕೆ. ಎರಡೂ ಮೇಲಂಚು ಒಂದೇ ಎತ್ತರ ಇದ್ರೆ ಬಾಟ್ಲು ತಾನಾಗೇ ಮಟ್ಟಸವಾಗಿ ಮಲಗತ್ತೆ, ಯಾಕಂದ್ರೆ ಎರಡು ತೂತಿನ ಮಧ್ಯಬಿಂದುನೂ ಆ ಮೇಲಂಚಿನ ಗೆರೇಲೇ ಇದೆ. 5½ ಇಂಚು ಉದ್ದದ ಒಂದು ಮರದ ತುಂಡು ಕುಯ್ದಿಟ್ಕೊಂಡು ಒಂದು ಪಟ್ಟಿ ಮೇಲಂಚಿಂದ ಇನ್ನೊಂದಕ್ಕೆ ಅದರಲ್ಲೇ ಅಳೀರಿ, ಟೇಪ್ ಬೇಡ.

ಎಲ್ಲಾ ಸ್ಕ್ರೂ ಪೂರ್ತಿ ಬಿಗಿಯೋ ಮುಂಚೆ ಮೂಲೆಯಿಂದ ಮೂಲೆಗೆ ಓರೆಯಾಗಿ ಟೇಪ್ ಹಿಡಿದು ಎರಡೂ ಕಡೆ ಅಳೀರಿ. ಎರಡು ಅಳತೆನೂ ಸಮ ಬಂದ್ರೆ ಚೌಕ ಸರಿ ಇದೆ. ಇಲ್ಲಾಂದ್ರೆ ಉದ್ದ ಬಂದಿರೋ ಮೂಲೇನ ಕೈಲಿ ಒತ್ತಿ ಸಮ ಮಾಡಿ, ಆಮೇಲೆ ಬಿಗೀರಿ. ಗ್ರಾನೈಟ್ ಕಟ್ಟೆ ಮೇಲೋ ವಿಟ್ರಿಫೈಡ್ ಟೈಲ್ಸ್ ಮೇಲೋ ಇಟ್ಟು ನಾಲ್ಕೂ ಕಾಲು ಕೂರತ್ತಾ ನೋಡಿ, ಒಂದು ಕಾಲು ಎತ್ಕೊಂಡಿದ್ರೆ ಉದ್ದ ಇರೋ ಕಾಲಿನ ಬುಡ 80 ನಂಬರಲ್ಲಿ ತೇಯ್ರಿ. ಫೆವಿಕಾಲ್ ಒಣಗೋಕೆ ಒಂದು ದಿನ ಬಿಡಿ. ಮೇಲಿನ ಎರಡು ಹಲಗೆ ಕೊನೇಗೆ, ಸೈಡ್ ಪಟ್ಟಿ ಅಂಚಿಗೆ ಮೇಲಿಂದ ಸ್ಕ್ರೂ. ಇದಕ್ಕೆ ಫೆವಿಕಾಲ್ ಬೇಡ, ಎರಡು ಹಲಗೆ ಮಧ್ಯೆ ಒಂದು ನೂಲು ಸಂದಿನೂ ಬಿಡಿ, ಮಳೆಗಾಲಕ್ಕೆ ಮರ ಉಬ್ಬತ್ತೆ.

ಬಣ್ಣ

ಹೊಸ ಪೈನ್ ಮರದ ಹಳದಿ ಬಿಳುಪು ರಸ್ಟಿಕ್ ಅನ್ಸಲ್ಲ. ಅಂಗಡಿ ಸ್ಟೇನ್ ಹಚ್ಬಹುದು, ಆದ್ರೆ ನನಗೆ ಇಷ್ಟ ಆಗೋದು ಟೀ ಮತ್ತೆ ಕಬ್ಬಿಣದ ಬಣ್ಣ. ಒಂದು ಗಾಜಿನ ಬಾಟ್ಲಲ್ಲಿ ಅಡುಗೆ ಬಿಳಿ ವಿನೆಗರ್ ಹಾಕಿ ಅದರಲ್ಲಿ ಸ್ಟೀಲ್ ವೂಲ್ (ಕೂದಲಿನಂಥ ಸಣ್ಣ ಉಕ್ಕಿನ ಎಳೆಗಳ ಉಂಡೆ) ಅಥವಾ ತುಕ್ಕು ಹಿಡಿದ ಹಳೇ ಮೊಳೆ ನೆನೆಸಿಡಿ. ಪಾತ್ರೆ ತಿಕ್ಕೋ ಸ್ಟೇನ್‌ಲೆಸ್ ಸ್ಕ್ರಬ್ಬರ್ ನಡೆಯಲ್ಲ, ಅದು ತುಕ್ಕೇ ಹಿಡಿಯಲ್ಲ. ಮುಚ್ಚಳ ಬಿಗಿಯಾಗಿ ಹಾಕ್ಬೇಡಿ, ಒಳಗೆ ಗ್ಯಾಸ್ ಬರತ್ತೆ. ಮೂರು ನಾಲ್ಕು ದಿನಕ್ಕೆ ನೀರು ಬೂದು ಬಣ್ಣಕ್ಕೆ ತಿರುಗಿರತ್ತೆ, ಬಟ್ಟೇಲಿ ಸೋಸಿ.

ಹಾಲು ಸಕ್ಕರೆ ಇಲ್ದೆ ಕಡುವಾಗಿ ಕುದಿಸಿದ ಟೀ ಡಿಕಾಕ್ಷನ್ ಮರಕ್ಕೆ ಬ್ರಶ್ಶಲ್ಲಿ ಹಚ್ಚಿ ಒಣಗಿಸಿ. ಕಪ್ಪು ಬಣ್ಣ ಬರೋದು ಟ್ಯಾನಿನ್ ಜೊತೆ ಕಬ್ಬಿಣ ಸೇರಿದಾಗ, ಪೈನಲ್ಲಿ ಟ್ಯಾನಿನ್ ಕಮ್ಮಿ, ಅದನ್ನ ಟೀ ಕೊಡತ್ತೆ. ಒಣಗಿದ ಮೇಲೆ ಕಬ್ಬಿಣದ ನೀರು ಹಚ್ಚಿ ನೋಡ್ತಾ ನಿಂತ್ಕೊಳ್ಳಿ: ಮೊದಲು ಏನೂ ಆಗಿಲ್ಲ ಅನ್ಸತ್ತೆ, ಆಮೇಲೆ ಮರ ಬೂದಿ ಬಣ್ಣಕ್ಕೆ ತಿರುಗತ್ತೆ, ಗಂಟಿನ ಸುತ್ತ ಎಳೆಗಳು ಬೇರೆ ಬೇರೆ ಛಾಯೆಗೆ ಹೋಗತ್ತೆ, ನೋಡ್ನೋಡ್ತಾ ಹತ್ತು ನಿಮಿಷದಲ್ಲಿ ಎಷ್ಟೋ ವರ್ಷ ಬಿಸಿಲು ಮಳೆ ಕಂಡ ಮರದ ಬಣ್ಣ ಬಂದಿರತ್ತೆ. ಎಷ್ಟು ಕಪ್ಪು ಬೇಕು ಅನ್ನೋದು ಟೀ ಎಷ್ಟು ಕಡು ಅನ್ನೋದರ ಮೇಲೆ. ಹಳೇ ತೇಗದಂಥ ಮರಕ್ಕೆ ಟೀ ಇಲ್ದೇನೂ ಕಪ್ಪಾಗ್ಬಹುದು, ಅದಕ್ಕೆ ವೇಸ್ಟ್ ತುಂಡಲ್ಲಿ ನೋಡಿ ಆಮೇಲೆ ಇಳೀರಿ.

ಒಂದು ದಿನ ಒಣಗಿದ ಮೇಲೆ ಡಬಲ್ ಬಾಯ್ಲ್ಡ್ ಲಿನ್ಸೀಡ್ ಆಯಿಲ್, ಅದೇ ಅಗಸೆ ಎಣ್ಣೆ, ಪೇಂಟ್ ಅಂಗಡೀಲಿ ಸಿಗತ್ತೆ. ಬಟ್ಟೇಲಿ ತೆಳ್ಳಗೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಮರ ಕುಡಿಯದೆ ಉಳಿದಿದ್ದನ್ನ ಒರೆಸಿಬಿಡಿ, ಮಾರನೇ ದಿನ ಇನ್ನೊಂದ್ ಕೈ. ಕಡ್ಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಚ್ಬೇಡಿ, ಅವು ಗಟ್ಟಿಯಾಗಿ ಒಣಗಲ್ಲ, ಜಿಡ್ಡಾಗಿ ಧೂಳು ಹಿಡಿದು ಕಮಟು ವಾಸನೆ ಬರತ್ತೆ. ಇನ್ನು ಈ ಮಾತು ದಯವಿಟ್ಟು ಮರೀಬೇಡಿ: ಲಿನ್ಸೀಡ್ ಎಣ್ಣೆ ಹತ್ತಿದ ಬಟ್ಟೆ ಉಂಡೆ ಮಾಡಿ ಕಸದ ಡಬ್ಬಿಗೆ ಎಸೀಬೇಡಿ. ಆ ಎಣ್ಣೆ ಒಣಗೋವಾಗ ಬಿಸಿ ಹುಟ್ಟತ್ತೆ, ಮುದ್ದೆಯಾಗಿದ್ರೆ ಬಿಸಿ ಹೊರಗೆ ಹೋಗದೆ ತಾನಾಗೇ ಬೆಂಕಿ ಹತ್ತಬಹುದು. ನೀರಲ್ಲಿ ಅದ್ದಿ, ತಾರಸಿ ನೆಲದ ಮೇಲೆ ಬಿಡಿಸಿ ಹಾಸಿ, ಪೂರ್ತಿ ಗಟ್ಟಿಯಾಗಿ ಒಣಗಿದ ಮೇಲೆ ಬಿಸಾಕಿ.

ಎಲ್ಲಿ ಇಡೋದು

ವೈನ್ ಜಾಸ್ತಿ ದಿನ ಇಡೋಕೆ ಸರಿಯಾದ ತಾಪ 12ರಿಂದ 15 ಡಿಗ್ರಿ, ಏರಿಳಿತ ಇಲ್ದೆ. ಬೆಂಗ್ಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಚೆನ್ನೈ ಹೈದರಾಬಾದಿಗಿಂತ ನಾವು ಪುಣ್ಯವಂತರು, ಆದ್ರೂ ಮಾರ್ಚಿಂದ ಮೇ ತನಕ 33-36 ಡಿಗ್ರಿ ಹೋಗತ್ತೆ. ಹಂಗಾಗಿ ಈ ರ‍್ಯಾಕ್ ಕೆಲವು ತಿಂಗಳಲ್ಲಿ ಕುಡಿದು ಮುಗಿಸೋ ಬಾಟ್ಲಿಗೆ, ವರ್ಷಗಟ್ಟಲೆ ಇಡೋ ದುಬಾರಿ ಬಾಟ್ಲಿಗಲ್ಲ. ಪಶ್ಚಿಮದ ಗೋಡೆ, ಬಿಸಿಲು ಬೀಳೋ ಕಿಟಕಿ, ಸ್ಟವ್ ಪಕ್ಕ, ಫ್ರಿಜ್ ಪಕ್ಕ ಅಥವಾ ಮೇಲೆ, ಯುಪಿಎಸ್ ಬ್ಯಾಟರಿ ಹತ್ತಿರ ಬೇಡ್ವೇ ಬೇಡ. ಫ್ರಿಜ್ ಬಿಸಿನೂ ಕಾರತ್ತೆ, ಅದುರತ್ತೆ ಕೂಡ. ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆ, ಉತ್ತರ ಅಥವಾ ಪೂರ್ವದ ರೂಮಿನ ಒಳಗೋಡೆ ಒಳ್ಳೇದು.

ಬಾಟ್ಲಿನ ಕತ್ತು ಹಿಂದಿನ ಪಟ್ಟಿಯಿಂದ ಒಂದೂವರೆ ಇಂಚು ಮೇಲೆ ಆಚೆ ಬರತ್ತೆ, ಅದಕ್ಕೆ ಹಿಂದಿನ ಪಟ್ಟಿಗೂ ಗೋಡೆಗೂ ಎರಡು ಇಂಚಾದ್ರೂ ಬಿಡಿ. ಕಾಲಿನ ಬುಡಕ್ಕೆ ರಬ್ಬರ್ ಬುಶ್ ಹೊಡೀರಿ, ನೀರೂ ಹತ್ತಲ್ಲ, ಟೈಲ್ಸೂ ಗೀರಾಗಲ್ಲ, ನೆಲದ ಸಂದಿಯಿಂದ ಗೆದ್ದಲು ಬಂದ್ರೂ ಬೇಗ ಕಣ್ಣಿಗೆ ಬೀಳತ್ತೆ. ಮನೇಲಿ ಮಕ್ಕಳಿದ್ರೆ, ನಾಯಿ ಬೆಕ್ಕಿದ್ರೆ, ಮೇಲಿನ ಹಲಗೆ ಹಿಂದೆ ಉದ್ದ ತೋಳಿನ ಎರಡು ಎಲ್ ಕ್ಲಾಂಪ್ ಹಾಕಿ ಗೋಡೆಗೆ ಕಟ್ಟಲೇಬೇಕು, ಎಂಟು ಇಂಚು ಆಳದ ಸ್ಟ್ಯಾಂಡು ಎಳೆದ್ರೆ ಮುಂದಕ್ಕೆ ಬೀಳತ್ತೆ. ಸಾಲಿಡ್ ಬ್ಲಾಕ್ ಅಥವಾ ಇಟ್ಟಿಗೆ ಗೋಡೆಗೆ ಸ್ಕ್ರೂ ಹಿಡ್ಕೊಳ್ಳೋಕೆ ತೂತಲ್ಲಿ ಹಾಕೋ ಮಾಮೂಲಿ ರಾಲ್ ಪ್ಲಗ್ ಸಾಕು, ಹೊಸ ಅಪಾರ್ಟ್‌ಮೆಂಟಿನ ಹಗುರ ಎಎಸಿ ಬ್ಲಾಕಿಗೆ ಅದಕ್ಕಂತಲೇ ಬರೋ ಪ್ಲಗ್ ಕೇಳಿ ತಗೊಳ್ಳಿ, ಮಾಮೂಲಿದು ಕಿತ್ಕೊಂಡು ಬರತ್ತೆ. ಬಾಡಿಗೆ ಮನೆ, ಓನರ್ ಗೋಡೆ ಮುಟ್ಟೋಕೆ ಬಿಡಲ್ಲ ಅಂದ್ರೆ ಗಟ್ಟಿ ಮೂಲೇಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಮೊದಲ ಸಲ ತುಂಬೋವಾಗ ಕೆಳಗಿನ ಅಂತಸ್ತಿಂದ ಶುರು ಮಾಡಿ, ಖಾಲಿ ಮಾಡೋವಾಗ ಮೇಲಿಂದ. ಎಣ್ಣೆ ವಾಸನೆ ಪೂರ್ತಿ ಹೋಗೋ ತನಕ, ಒಂದು ವಾರ ಹತ್ತು ದಿನ, ಬಾಟ್ಲು ಇಡ್ಬೇಡಿ. ವರ್ಷಕ್ಕೊಂದ್ಸಲ, ಬೇಸಿಗೆ ಮುಗಿಯೋ ಹೊತ್ತಿಗೆ, ಸ್ಕ್ರೂ ಎಲ್ಲಾ ಒಂದ್ ಸುತ್ತು ಬಿಗಿದು ಎಣ್ಣೆ ಒಂದ್ ಕೈ ಹಚ್ಚಿ.

ಕೊನೇದಾಗಿ ಮನೇಲೇ ದ್ರಾಕ್ಷಿ ವೈನ್ ಮಾಡೋರಿಗೆ. ಕ್ರಿಸ್ಮಸ್‌ಗೆ ಬೆಂಗಳೂರು ಬ್ಲೂ ದ್ರಾಕ್ಷಿ ಹಾಕಿ ಭರಣೀಲಿ ಮಾಡೋ ಮನೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ, ರ‍್ಯಾಕ್ ರೆಡಿ ಆದ್ರೆ ಅದನ್ನೂ ಬಾಟ್ಲಿಗೆ ತುಂಬಿ ಮಲಗಿಸೋಣ ಅನ್ಸೋದು ಸಹಜ. ಆದ್ರೆ ಹುದುಗೋದು ಪೂರ್ತಿ ನಿಂತಿದೆ ಅಂತ ಖಾತ್ರಿ ಆಗೋ ತನಕ ಬಿಗಿ ಮುಚ್ಚಳ ಹಾಕ್ಬೇಡಿ, ಮಲಗಿಸಲೂ ಬೇಡಿ. ಯೀಸ್ಟ್‌ಗೆ ಒಳಗೆ ಇನ್ನೂ ಸಕ್ಕರೆ ಸಿಗ್ತಿದ್ರೆ ಗ್ಯಾಸ್ ಬರ್ತಾನೇ ಇರತ್ತೆ, ಮಾಮೂಲಿ ವೈನ್ ಬಾಟ್ಲಿನ ಗಾಜು ಆ ಪ್ರೆಶರ್ ತಡೆಯಲ್ಲ, ಒಡೆದ್ರೆ ಪಕ್ಕದಲ್ಲಿರೋ ಬಾಟ್ಲೂ ಸೇರಿ ಹೋಗತ್ತೆ, ಹತ್ತಿರ ಯಾರಾದ್ರೂ ಇದ್ರೆ ಗಾಜಿನ ಚೂರು ಹಾರತ್ತೆ. ಸಿಹಿಯಾಗೇ ಉಳಿಸ್ಕೊಂಡಿರೋ ಮನೆ ವೈನ್ ಆದ್ರೆ ಸಡಿಲ ಮುಚ್ಚಳ ಹಾಕಿ ಫ್ರಿಜ್ಜಲ್ಲಿ ನಿಲ್ಲಿಸೇ ಇಡಿ.